ಗೂಡು ತೊಳೆಯಬೇಡಿ, ಒಣಗಿಸಿ

(ತಿಪಟೂರು ಸೀಮೆಯ ಹಳ್ಳಿಯೊಂದರಲ್ಲಿ, ಮೊದಲ ಸಲ ಕೋಳಿ ಸಾಕಲು ಹೊರಟಿರುವ ಸ್ವಸಹಾಯ ಸಂಘದ ಸದಸ್ಯರ ಮುಂದೆ ಆಡಿದ ಮಾತುಗಳ ಬರಹ ರೂಪ)

ಇಲ್ಲಿಗೆ ಬರುವ ದಾರಿಯಲ್ಲೇ ಇಬ್ಬರು ನನ್ನನ್ನು ನಿಲ್ಲಿಸಿ ಕೇಳಿದರು: "ಅಕ್ಕಾ, ಯಾವ ಕೋಳಿ ತಂದರೆ ಜಾಸ್ತಿ ಮೊಟ್ಟೆ ಸಿಗುತ್ತೆ?" ಅದಕ್ಕೆ ಬೇಗ ಉತ್ತರ ಕೊಟ್ಟುಬಿಡುತ್ತೇನೆ. ನಮ್ಮ ನಾಟಿ ಹ್ಯಾಟೆ ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ಇಡುತ್ತದೆ. ಆದರೆ ಕಾವಿಗೆ ಕೂರುತ್ತದೆ, ಮರಿ ಮಾಡುತ್ತದೆ, ಹದ್ದು ಕಂಡರೆ ಮರಿಗಳನ್ನು ರೆಕ್ಕೆಯೊಳಗೆ ಸೇರಿಸಿಕೊಳ್ಳುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪಿಸಿದ ಗಿರಿರಾಜ, ಸ್ವರ್ಣಧಾರಾ ಇದರ ಎರಡು ಮೂರು ಪಟ್ಟು ಇಡುತ್ತವೆ. ಹೈದರಾಬಾದಿನ ವನರಾಜ, ಗ್ರಾಮಪ್ರಿಯ ಕೂಡ ಹಿತ್ತಿಲಿಗೆ ಹೊಂದಿಕೊಳ್ಳುತ್ತವೆ. ಆದರೆ ಇವು ಕಾವಿಗೆ ಕೂರುವುದು ಅಪರೂಪ. ಇವುಗಳ ಮೊಟ್ಟೆಯನ್ನು ಬೇರೆ ಕೋಳಿಯ ಕೆಳಗಿಟ್ಟು ಮರಿ ಮಾಡಿಸಿದರೂ ಮೊಟ್ಟೆ ಇಟ್ಟ ತಾಯಿಯ ಗುಣ ಮರಿಗೆ ಪೂರ್ತಿ ಇಳಿಯುವುದಿಲ್ಲ. ಹಾಗಾಗಿ ನನ್ನ ಹಿತ್ತಿಲಲ್ಲಿ ಎರಡೂ ಇವೆ. ಮೊಟ್ಟೆಗೆ ಸ್ವರ್ಣಧಾರಾ, ಕಾವಿಗೆ ನಾಟಿ.

ಜಾತಿಯ ಮಾತು ಇಷ್ಟು ಸಾಕು. ಯಾವ ಜಾತಿ ತಂದರೂ ಗೂಡು ಒದ್ದೆ ಇದ್ದರೆ ಕೋಳಿ ಉಳಿಯುವುದಿಲ್ಲ. ಇವತ್ತು ನಾನು ಬಂದಿರುವುದೇ ಇದನ್ನು ಹೇಳುವುದಕ್ಕೆ.

ನನ್ನ ಮೊದಲ ವರ್ಷದ ಕಥೆ ಹೇಳುತ್ತೇನೆ. ಹನ್ನೆರಡು ಮರಿ ತಂದಿದ್ದೆ. ಗೂಡಿಗೆ ಚೆನ್ನಾಗಿ ಸಿಮೆಂಟ್ ನೆಲ ಹಾಕಿಸಿದ್ದೆ. ದಿನಾ ಬೆಳಿಗ್ಗೆ ಬಕೆಟ್ ನೀರು ಸುರಿದು, ಫಿನಾಯಿಲ್ ಹಾಕಿ, ಪೊರಕೆಯಲ್ಲಿ ಉಜ್ಜಿ ತೊಳೆಯುತ್ತಿದ್ದೆ. ಅಂಗಳ ತೊಳೆಯುವಷ್ಟೇ ಶ್ರದ್ಧೆಯಿಂದ ತೊಳೆಯುತ್ತಿದ್ದೆ. ಮರಿಗಳಿಗೆ ಐದು ವಾರ ಆಗುವ ಹೊತ್ತಿಗೆ ಮುಂಗಾರು ಹಿಡಿದುಕೊಂಡಿತು. ತೊಳೆದ ನೆಲ ಸಂಜೆವರೆಗೂ ಆರುತ್ತಿರಲಿಲ್ಲ. ಒಂದು ದಿನ ಎರಡು ಮರಿ ರೆಕ್ಕೆ ಇಳಿಬಿಟ್ಟು, ಗರಿ ಉಬ್ಬಿಸಿಕೊಂಡು ಮೂಲೆಯಲ್ಲಿ ತೂಕಡಿಸುತ್ತಾ ನಿಂತಿದ್ದವು. ಹಿಕ್ಕೆಯಲ್ಲಿ ರಕ್ತ. ಹತ್ತು ದಿನದಲ್ಲಿ ಒಂಬತ್ತು ಮರಿ ಹೋದವು. ಒಂಬತ್ತನೆಯದನ್ನು ಹೂಳುವಾಗ ನನ್ನ ಮಗಳು ಪಕ್ಕದಲ್ಲಿ ನಿಂತು ಅಳುತ್ತಿದ್ದಳು. ಅದು ಅವಳು ಹೆಸರಿಟ್ಟ ಮರಿ.

ಆಗ ಬಂದ ಪಶುವೈದ್ಯರು ಮರಿಗಳನ್ನು ನೋಡುವ ಮೊದಲು ಬಗ್ಗಿ ನೆಲ ಮುಟ್ಟಿದರು. "ಇದು ಯಾವಾಗಲೂ ಹೀಗೇ ಇರುತ್ತಾ?" ಅಂತ ಕೇಳಿದರು. ಹೌದು, ದಿನಾ ತೊಳೆಯುತ್ತೇನೆ ಅಂದೆ. ಅವರು ಬಿಡಿಸಿ ಹೇಳಿದ್ದನ್ನೇ ನಿಮಗೆ ಹೇಳುತ್ತೇನೆ.

ರಕ್ತಭೇದಿ ತರುವ ಜೀವಿ ಕೋಳಿಯ ಕರುಳಲ್ಲಿ ಬೆಳೆದು ಹಿಕ್ಕೆಯ ಜೊತೆ ಹೊರಗೆ ಬೀಳುತ್ತದೆ. ಬಿದ್ದ ತಕ್ಷಣ ಅದಕ್ಕೆ ರೋಗ ಹರಡುವ ಶಕ್ತಿ ಇರುವುದಿಲ್ಲ. ಬಿದ್ದ ಜಾಗದಲ್ಲಿ ಒದ್ದೆ ಇರಬೇಕು, ಬೆಚ್ಚಗಿರಬೇಕು. ಇವೆರಡೂ ಸಿಕ್ಕರೆ ಒಂದೆರಡು ದಿನದಲ್ಲಿ ಮಾಗುತ್ತದೆ. ಇನ್ನೊಂದು ಮರಿ ಅದೇ ಜಾಗದಲ್ಲಿ ಕುಕ್ಕಿದರೆ ಅದರ ಹೊಟ್ಟೆ ಸೇರುತ್ತದೆ. ನೆಲ ಒಣಗಿದ್ದರೆ ಅದು ಮಾಗುವುದು ಕಷ್ಟ. ಫಿನಾಯಿಲ್‌ಗೆ ಅದು ಜಗ್ಗುವುದಿಲ್ಲ, ಅಷ್ಟು ಗಟ್ಟಿ ಕವಚ ಅದಕ್ಕೆ. ಅಂದರೆ ನಾನು ದಿನಾ ಬೆಳಿಗ್ಗೆ ಫಿನಾಯಿಲ್ ಹಾಕಿ ಆ ರೋಗಕ್ಕೆ ನೀರುಣಿಸುತ್ತಿದ್ದೆ.

ನಮ್ಮ ಕಣ್ಣಿಗೆ ನೀರು ಹಾಕಿ ತೊಳೆದರೇನೇ ಚೊಕ್ಕಟ. ಕೋಳಿಗೆ ಒಣಗಿದ್ದರೇನೇ ಚೊಕ್ಕಟ. ಇದೊಂದು ಮನಸ್ಸಿಗೆ ಬಂದರೆ ಮಿಕ್ಕ ಕೆಲಸ ಎಲ್ಲ ತಾನಾಗಿ ಸರಿ ಹೋಗುತ್ತದೆ.

ಹಾಗಾದರೆ ಒಣಗಿಸಿ ಇಡುವುದು ಹೇಗೆ? ಹತ್ತು ಕೋಳಿ ಇದ್ದರೆ ದಿನಕ್ಕೆ ಸುಮಾರು ಒಂದು ಕೆ.ಜಿ. ಹಿಕ್ಕೆ ಬೀಳುತ್ತದೆ. ಅದರಲ್ಲಿ ಮುಕ್ಕಾಲು ಪಾಲು ನೀರು. ಕೋಳಿಗೆ ಬೇರೆ ಮೂತ್ರ ಅಂತ ಇಲ್ಲ, ಎರಡೂ ಸೇರಿಯೇ ಬರುತ್ತದೆ. ಹಿಕ್ಕೆಯ ಮೇಲೆ ಬಿಳಿ ಟೋಪಿ ಇರುತ್ತಲ್ಲ, ಅದೇ ಅದರ ಮೂತ್ರ. ನಾವು ಒಂದು ತೊಟ್ಟು ನೀರು ಹಾಕದಿದ್ದರೂ ದಿನಾ ಮುಕ್ಕಾಲು ಲೀಟರ್ ನೀರು ಗೂಡೊಳಗೆ ಸೇರುತ್ತದೆ. ಅದನ್ನು ಹೀರಿಕೊಳ್ಳುವುದಕ್ಕೆ ನೆಲದ ಮೇಲೆ ಹೊಟ್ಟು ಹಾಸಬೇಕು.

ಅಕ್ಕಿ ಗಿರಣಿಯಲ್ಲಿ ಸಿಗುವ ಭತ್ತದ ಹೊಟ್ಟು ಎಲ್ಲಕ್ಕಿಂತ ಒಳ್ಳೆಯದು. ಕಡಲೆಕಾಯಿ ಸಿಪ್ಪೆ, ಮರ ಕುಯ್ಯುವ ಮಿಲ್ಲಿನ ಹೊಟ್ಟು ಕೂಡ ಆಗುತ್ತದೆ. ಮರದ ಹೊಟ್ಟು ತೀರಾ ಹಿಟ್ಟಿನಂತೆ ನುಣ್ಣಗೆ ಇದ್ದರೆ ಬೇಡ. ಧೂಳೆದ್ದು ಕೋಳಿಗೆ ಉಸಿರು ಕಟ್ಟುತ್ತದೆ, ಚಿಕ್ಕ ಮರಿ ಅದನ್ನೇ ಮೇವು ಅಂತ ತಿಂದುಬಿಡುತ್ತವೆ. ನಮ್ಮ ಕಡೆ ತೆಂಗಿನ ನಾರಿನ ಪುಡಿ ಬೇಕಾದಷ್ಟು ಸಿಗುತ್ತದೆ, ಅದನ್ನೇ ಹಾಸಬಹುದಾ ಅಂತ ಎಲ್ಲರೂ ಕೇಳುತ್ತಾರೆ. ಹಾಸಬಹುದು. ಆದರೆ ಅದು ಸ್ಪಂಜಿನ ಹಾಗೆ ನೀರು ಹಿಡಿದುಕೊಳ್ಳುತ್ತದೆ. ನಾರಿನ ಫ್ಯಾಕ್ಟರಿ ಪಕ್ಕದ ಗುಡ್ಡೆಯಿಂದ ಮಳೆಗೆ ನೆಂದದ್ದನ್ನು ಹಾಗೇ ತಂದು ಸುರಿದರೆ ಒದ್ದೆಯನ್ನೇ ತಂದು ಸುರಿದ ಹಾಗೆ. ಎರಡು ಮೂರು ದಿನ ಬಿಸಿಲಲ್ಲಿ ಹರಡಿ, ಕೈಗೆ ಅಂಟದಷ್ಟು ಒಣಗಿದ ಮೇಲೆ ಹಾಸಿ. ನಾನು ಅರ್ಧ ನಾರಿನ ಪುಡಿ, ಅರ್ಧ ಭತ್ತದ ಹೊಟ್ಟು ಬೆರೆಸುತ್ತೇನೆ. ಮುಗ್ಗಲು ಬಂದ ಹೊಟ್ಟು ಮಾತ್ರ ಪುಕ್ಕಟೆ ಕೊಟ್ಟರೂ ಬೇಡ. ಅದರ ಬೂಷ್ಟು ಉಸಿರಿನ ಜೊತೆ ಒಳಗೆ ಹೋಗಿ ಮರಿಗಳನ್ನು ಕೊಲ್ಲುತ್ತದೆ.

ಶುರುವಿಗೆ ಎರಡು ಮೂರು ಇಂಚು ದಪ್ಪ ಹಾಸಿ. ಆಮೇಲೆ ಆಗಾಗ ಮೇಲೆ ಹೊಸ ಹೊಟ್ಟು ಹಾಕುತ್ತಾ ಹೋದರೆ ಐದಾರು ಇಂಚು ಆಗುತ್ತದೆ. ದಿನಾ ತೆಗೆದು ಬಿಸಾಡಬೇಕಾಗಿಲ್ಲ. ಎರಡು ದಿನಕ್ಕೊಮ್ಮೆ ಹಾರೆಕೋಲಿನಿಂದಲೋ ಮುಳ್ಳುಗುದ್ದಲಿಯಿಂದಲೋ ಕೆದಕಿ ತಿರುವಿ ಹಾಕಿ. ಗಾಳಿ ಆಡಿದರೆ ಹಿಕ್ಕೆ ಒಣಗಿ ಪುಡಿಯಾಗಿ ಹೊಟ್ಟಿನಲ್ಲಿ ಬೆರೆತುಹೋಗುತ್ತದೆ. ಈ ಕೆಲಸ ಅರ್ಧ ಕೋಳಿಗಳೇ ಮಾಡುತ್ತವೆ. ಒಂದು ಹಿಡಿ ರಾಗಿ ಹೊಟ್ಟಿನ ಮೇಲೆ ಎರಚಿ ನೋಡಿ, ಹತ್ತು ಕೋಳಿ ಸೇರಿ ಇಡೀ ಗೂಡನ್ನು ಉತ್ತುಬಿಡುತ್ತವೆ.

ಒಣಗಿದೆಯಾ ಇಲ್ಲವಾ ಅಂತ ತಿಳಿಯುವುದಕ್ಕೆ ಯಾವ ಯಂತ್ರವೂ ಬೇಡ. ಒಂದು ಮುಷ್ಟಿ ಹೊಟ್ಟು ತೆಗೆದುಕೊಂಡು ಗಟ್ಟಿಯಾಗಿ ಅದುಮಿ, ಕೈ ಬಿಡಿ. ಉಂಡೆ ಉಂಡೆಯಾಗಿಯೇ ಉಳಿದರೆ ಒದ್ದೆ ಜಾಸ್ತಿ. ಒಂದು ಕ್ಷಣ ಅಂಟಿಕೊಂಡಂತಾಗಿ ಉದುರಿಹೋದರೆ ಹದ ಸರಿ. ಸ್ವಲ್ಪವೂ ಅಂಟದೆ ಬರೀ ಧೂಳು ಹಾರಿದರೆ ತೀರಾ ಒಣಗಿದೆ ಅಂತ. ಮುದ್ದೆಯ ಹದ ಕೈಗೆ ಗೊತ್ತಾಗುತ್ತಲ್ಲ, ಹಾಗೇ ಇದೂ ವಾರದಲ್ಲಿ ಗೊತ್ತಾಗುತ್ತದೆ.

ಎರಡನೆಯದು ಮೂಗು. ಗೂಡಿನ ಬಾಗಿಲಲ್ಲಿ ನಿಂತು ಮೂಸಿದರೆ ಸಾಲದು. ಮಂಡಿಯೂರಿ ಕೂತು, ಕೋಳಿಯ ತಲೆ ಎಷ್ಟು ಎತ್ತರದಲ್ಲಿರುತ್ತೋ ಅಷ್ಟರಲ್ಲಿ ಉಸಿರು ಎಳೆದುಕೊಳ್ಳಿ. ಕಣ್ಣು ಉರಿದರೆ, ಮೂಗು ಚುರುಗುಟ್ಟಿದರೆ ಅದು ಅಮೋನಿಯಾ, ಒದ್ದೆ ಹಿಕ್ಕೆಯಿಂದ ಏಳುವ ಘಾಟು ಗಾಳಿ. ನಮಗೆ ಒಂದು ನಿಮಿಷಕ್ಕೆ ಹೀಗಾದರೆ ರಾತ್ರಿಯಿಡೀ ಅಲ್ಲೇ ಮಲಗುವ ಜೀವಕ್ಕೆ ಏನಾಗಬೇಡ? ಅದರ ಉಸಿರುನಾಳ ಸವೆದು, ಶೀತ ಕೆಮ್ಮು ಅಂಟಿಕೊಳ್ಳುವುದು ಇಲ್ಲಿಂದಲೇ. ವಾಸನೆ ಬಂದರೆ ಒದ್ದೆ ಹೊಟ್ಟನ್ನು ಸಲಿಕೆಯಲ್ಲಿ ಎತ್ತಿ ಹೊರಗೆ ಹಾಕಿ, ಹೊಸದು ಹರಡಿ. ಸುಣ್ಣ ಎರಚಿದರೆ ಸರಿಹೋಗುತ್ತೆ ಅಂತ ಹೇಳುವವರಿದ್ದಾರೆ. ಒದ್ದೆ ಹಿಕ್ಕೆಯ ಮೇಲೆ ಸುಣ್ಣ ಬಿದ್ದರೆ ಅಮೋನಿಯಾ ಇನ್ನೂ ಜಾಸ್ತಿ ಏಳುತ್ತದೆ. ಮೊದಲು ಒದ್ದೆ ತೆಗೆಯಿರಿ. ಆಮೇಲೆ, ಕೋಳಿಗಳು ಹೊರಗಿರುವಾಗ, ಅರಳಿದ ಸುಣ್ಣದ ಪುಡಿಯನ್ನು ತೆಳ್ಳಗೆ ಎರಚಿ ಹೊಟ್ಟಿನಲ್ಲಿ ಬೆರೆಸಿ. ಸುಟ್ಟ ಸುಣ್ಣದ ಹರಳು ಹಾಕಲೇಬೇಡಿ, ಪಾದ ಸುಟ್ಟುಹೋಗುತ್ತದೆ.

ಇನ್ನು ಗಾಳಿ. ಕೋಳಿಗೆ ಚಳಿ ಆಗುತ್ತೆ ಅಂತ ಗೋಣಿಚೀಲ ಕಟ್ಟಿ ನಾಲ್ಕೂ ಕಡೆ ಮುಚ್ಚಿಬಿಡುತ್ತಾರೆ. ಬೆಳೆದ ಕೋಳಿಗೆ ಗರಿಯ ಹೊದಿಕೆ ಇದೆ, ನಮ್ಮ ಕಡೆಯ ಚಳಿಯನ್ನು ಅದು ತಡೆದುಕೊಳ್ಳುತ್ತದೆ. ಮುಚ್ಚಿದ ಗೂಡಿನ ತೇವವನ್ನು ತಡೆದುಕೊಳ್ಳುವುದಿಲ್ಲ. ಮಾಡಿನ ಕೆಳಗೆ, ಕೋಳಿ ಕೂರುವ ಮಟ್ಟಕ್ಕಿಂತ ಮೇಲೆ, ಎರಡು ಕಡೆ ಗಾಳಿಗೆ ಜಾಲರಿ ಬಿಡಿ. ಇರಚಲು ಬೀಳುವ ಕಡೆ ಮಾಡನ್ನು ಎರಡು ಅಡಿ ಮುಂದಕ್ಕೆ ಚಾಚಿ. ಗೂಡಿನ ಉದ್ದ ಪೂರ್ವ ಪಶ್ಚಿಮಕ್ಕೆ ಇರಲಿ, ಆಗ ಸುಡುವ ಬಿಸಿಲು ನೇರ ಒಳಗೆ ಬರುವುದಿಲ್ಲ. ನೆಲ ಅಂಗಳಕ್ಕಿಂತ ಒಂದಡಿ ಎತ್ತರ ಇರಲಿ. ಜಾಗದ ಲೆಕ್ಕ ಕೇಳಿದರೆ, ಒಂದು ಕೋಳಿಗೆ ಮೂರು ನಾಲ್ಕು ಚದರಡಿ. ಇಕ್ಕಟ್ಟಾದರೆ ಒದ್ದೆಯೂ ಆಗುತ್ತದೆ, ಒಂದನ್ನೊಂದು ಕುಕ್ಕಿ ಗಾಯವೂ ಮಾಡಿಕೊಳ್ಳುತ್ತವೆ.

ಈಗ ದಿನದ ಕೆಲಸಕ್ಕೆ ಬರೋಣ. ಕಾಲು ಗಂಟೆ ಸಾಕು. ಆದರೆ ಅದರಲ್ಲಿ ಐದು ನಿಮಿಷ ಸುಮ್ನೆ ನಿಂತು ನೋಡುವುದಕ್ಕೆ ಇಡಿ.

ಬೆಳಿಗ್ಗೆ ಬಾಗಿಲು ತೆಗೆದಾಗ ಅವು ಹೇಗೆ ಹೊರಗೆ ಬರುತ್ತವೆ ಅಂತ ನೋಡಿ. ಚೆನ್ನಾಗಿರುವ ಕೋಳಿ ಒಂದರ ಮೇಲೊಂದು ನುಗ್ಗಿ ಬರುತ್ತದೆ. ಒಂದು ಹಿಂದೆ ಉಳಿದರೆ ಅದನ್ನು ಕಣ್ಣಿಟ್ಟು ನೋಡಿ. ಜುಟ್ಟು ಕೆಂಪಗಿದೆಯಾ? ಬಿಳಿಚಿಕೊಂಡಿದೆಯಾ? ಕಣ್ಣು ಪೂರ್ತಿ ತೆರೆದಿದೆಯಾ? ಉಸಿರಾಡುವಾಗ ಗೊರಗೊರ ಸದ್ದು ಬರುತ್ತಾ? ಕೋಳಿ ತನ್ನ ಕಾಯಿಲೆಯನ್ನು ಕೊನೆವರೆಗೂ ಮುಚ್ಚಿಡುತ್ತದೆ. ಸೊರಗಿದ್ದು ತೋರಿಸಿಕೊಂಡರೆ ಉಳಿದವು ಕುಕ್ಕುತ್ತವೆ ಅನ್ನುವ ಭಯ ಅದಕ್ಕೆ. ಅದು ಮಲಗಿದ ಮೇಲೆ ನೀವು ಓಡಾಡಿದರೆ ತಡ ಆಗಿರುತ್ತದೆ.

ಆಮೇಲೆ ಕೂರುಗೋಲಿನ ಕೆಳಗೆ ನೋಡಿ. ದಿನದ ಹಿಕ್ಕೆಯಲ್ಲಿ ಅರ್ಧದಷ್ಟು ರಾತ್ರಿ ಅಲ್ಲೇ ಬೀಳುವುದು. ನಾನು ಅಲ್ಲಿ ಒಂದು ಹಳೇ ತಗಡು ಇಟ್ಟು, ಅದರ ಮೇಲೆ ಬೂದಿ ಹರಡಿರುತ್ತೇನೆ. ಬೆಳಿಗ್ಗೆ ಕರಣೆಯಲ್ಲಿ ಕೆರೆದು ಬಾಂಡ್ಲಿಗೆ ಹಾಕಿಕೊಂಡರೆ ಅರ್ಧ ಒದ್ದೆ ಅಲ್ಲೇ ಹೋಯಿತು. ಕೆರೆಯುವಾಗ ಹಿಕ್ಕೆಯ ಬಣ್ಣ ನೋಡಿ. ಗಟ್ಟಿಯಾಗಿ, ಕಂದು ಬಣ್ಣಕ್ಕೆ, ಮೇಲೆ ಬಿಳಿ ಇದ್ದರೆ ಸರಿ. ಎಂಟು ಹತ್ತಕ್ಕೆ ಒಂದು ಸಲ ಬೆಲ್ಲದ ಪಾಕದ ಹಾಗೆ ಅಂಟಂಟಾಗಿ, ನಾತ ಜಾಸ್ತಿ ಇರುವ ಹಿಕ್ಕೆ ಬರುತ್ತದೆ. ಹೊಸಬರು ಅದನ್ನು ಕಂಡು ಭೇದಿ ಅಂತ ಗಾಬರಿ ಆಗುತ್ತಾರೆ. ಅದು ಮಾಮೂಲು. ಹಸಿರು ನೀರಾಗಿ ಬಂದರೆ, ರಕ್ತ ಕಂಡರೆ ಮಾತ್ರ ಅವತ್ತೇ ಪಶು ಆಸ್ಪತ್ರೆಗೆ ಹೋಗಿ.

ನೀರಿನ ಪಾತ್ರೆ ದಿನಾ ಉಜ್ಜಿ. ಒಳಗೆ ಬೆರಳಾಡಿಸಿದರೆ ಲೋಳೆ ಸಿಗಬಾರದು. ಬೆಳೆದ ಕೋಳಿ ದಿನಕ್ಕೆ ಕಾಲು ಲೀಟರ್ ಕುಡಿಯುತ್ತದೆ, ಬೇಸಿಗೆಯಲ್ಲಿ ಇದರ ಎರಡರಷ್ಟು. ಮೊಟ್ಟೆಯಲ್ಲಿ ಮುಕ್ಕಾಲು ಪಾಲು ನೀರೇ ಅಲ್ವಾ? ಅರ್ಧ ದಿನ ನೀರು ತಪ್ಪಿದರೂ ಮೊಟ್ಟೆಯ ಲೆಕ್ಕದಲ್ಲಿ ಕಾಣುತ್ತದೆ. ಪಾತ್ರೆಯನ್ನು ಇಟ್ಟಿಗೆಯ ಮೇಲೆ, ಕೋಳಿಯ ಬೆನ್ನಿನ ಎತ್ತರಕ್ಕೆ ಇಡಿ. ನೆಲದ ಮೇಲಿಟ್ಟರೆ ಕೆದಕಿ ಹೊಟ್ಟು ತುಂಬಿಸುತ್ತವೆ, ಚೆಲ್ಲುತ್ತವೆ. ನನ್ನ ಅನುಭವದಲ್ಲಿ ಗೂಡಿನ ಒದ್ದೆ ಶುರುವಾಗುವುದು ನೀರಿನ ಪಾತ್ರೆಯ ಸುತ್ತಲೇ. ಆದಷ್ಟೂ ನೀರನ್ನು ಗೂಡಿನ ಹೊರಗೆ, ನೆರಳಲ್ಲಿ ಇಡಿ. ರಾತ್ರಿ ಕತ್ತಲಲ್ಲಿ ಬೆಳೆದ ಕೋಳಿ ಕುಡಿಯುವುದಿಲ್ಲ.

ಮೇವಿನ ವಿಷಯ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಪೂರ್ತಿ ಕಟ್ಟಿಹಾಕಿ ಸಾಕಿದರೆ ಒಂದು ಕೋಳಿಗೆ ದಿನಕ್ಕೆ 100ರಿಂದ 120 ಗ್ರಾಂ ಬೇಕು. ತಿಪ್ಪೆ, ತೋಟ ಸುತ್ತುವ ಕೋಳಿಗೆ ಸಂಜೆ ಒಂದು ಹಿಡಿ ರಾಗಿ, ನುಚ್ಚು, ಮುಸುಕಿನ ಜೋಳದ ನುಚ್ಚು ಸಾಕು. ಸಂಜೆಯೇ ಹಾಕಿ, ಆಗ ಕರೆದ ತಕ್ಷಣ ಮನೆಗೆ ಬರುವ ಅಭ್ಯಾಸ ಆಗುತ್ತದೆ. ಮೊಟ್ಟೆ ಇಡುವ ಹ್ಯಾಟೆಗೆ ಸುಣ್ಣದ ಅಂಶ ಬೇಕು. ಬಳಸಿದ ಮೊಟ್ಟೆಯ ಚಿಪ್ಪನ್ನು ಬಿಸಿಲಲ್ಲಿ ಒಣಗಿಸಿ, ಚಿಪ್ಪಿನ ಗುರುತೇ ಸಿಗದಷ್ಟು ಪುಡಿ ಮಾಡಿ ಬೇರೆ ಬಟ್ಟಲಲ್ಲಿ ಇಡಿ. ದೊಡ್ಡ ಚೂರು ಹಾಕಿದರೆ ತನ್ನ ಮೊಟ್ಟೆಯನ್ನೇ ಒಡೆದು ತಿನ್ನುವುದು ಕಲಿಯಬಹುದು. ಉಪ್ಪಿನಕಾಯಿ, ಉಪ್ಪು ಜಾಸ್ತಿ ಇರುವ ಸಾರು ಹಾಕಬೇಡಿ. ಮುಗ್ಗಲು ಹಿಡಿದ ಜೋಳ, ಕಡಲೆಕಾಯಿ ಹಿಂಡಿ ವಿಷ ಅಂತಲೇ ತಿಳಿಯಿರಿ. ಮನುಷ್ಯರು ತಿನ್ನಲಾಗದ್ದು ಕೋಳಿಗಾಗುತ್ತೆ ಅನ್ನುವ ಮಾತು ಸುಳ್ಳು.

ಮೊಟ್ಟೆಯನ್ನು ದಿನಕ್ಕೆ ಎರಡು ಸಲ ಎತ್ತಿ. ನಾಲ್ಕೈದು ಹ್ಯಾಟೆಗೆ ಒಂದು ಗೂಡುಬುಟ್ಟಿ ಸಾಕು, ಒಂದಡಿ ಉದ್ದ, ಒಂದಡಿ ಅಗಲ. ಒಳಗೆ ಒಣಹುಲ್ಲು. ಒಂದು ಸೂಕ್ಷ್ಮ ಇದೆ. ಕೋಳಿ ಯಾವಾಗಲೂ ಇರುವುದರಲ್ಲೇ ಎತ್ತರದ ಜಾಗದಲ್ಲಿ ಮಲಗುತ್ತದೆ. ಗೂಡುಬುಟ್ಟಿ ಕೂರುಗೋಲಿಗಿಂತ ಮೇಲಿದ್ದರೆ ಅದರಲ್ಲೇ ಮಲಗಿ, ಅದರಲ್ಲೇ ಹಿಕ್ಕೆ ಹಾಕಿ, ಬೆಳಿಗ್ಗೆ ಅದರಲ್ಲೇ ಮೊಟ್ಟೆ ಇಡುತ್ತದೆ. ಕೋಲು ಮೇಲಿರಲಿ, ಬುಟ್ಟಿ ಕೆಳಗಿರಲಿ. ಕೊಳೆ ಅಂಟಿದ ಮೊಟ್ಟೆಯನ್ನು ಒಣ ಬಟ್ಟೆಯಲ್ಲಿ ಒರೆಸಿ. ನೀರಲ್ಲಿ ತೊಳೆದು ಇಡಬೇಡಿ, ಚಿಪ್ಪಿನ ಮೇಲೆ ಹ್ಯಾಟೆಯೇ ಬಳಿದು ಕಳಿಸಿದ ಒಂದು ತೆಳು ಪೊರೆ ಇರುತ್ತದೆ. ಅದು ಹೋದರೆ ಚಿಪ್ಪಿನ ಸಣ್ಣ ತೂತುಗಳಲ್ಲಿ ಕೊಳೆ ಒಳಗಿಳಿಯುತ್ತದೆ. ಅಡುಗೆಗೆ ಒಡೆಯುವ ಮುಂಚೆ ತೊಳೆದುಕೊಂಡರೆ ಆಯಿತು. ನೋಡಿ, ಮೊಟ್ಟೆಯ ವಿಷಯದಲ್ಲೂ ನೀರೇ ತೊಂದರೆ ಕೊಡುವುದು.

ಗೂಡಿಗೆ ಕೈ ಹಾಕಿ ಬಂದ ಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ಮಕ್ಕಳು ಮರಿಯನ್ನು ಮುದ್ದಿಸಿ ಅದೇ ಕೈ ಬಾಯಿಗೆ ಇಡುತ್ತಾರೆ. ಅವರ ಕೈಯನ್ನು ನೀವೇ ತೊಳೆಸಿ. ಗೂಡಿಗೆ ಅಂತ ಒಂದು ಜೊತೆ ಚಪ್ಪಲಿ ಬೇರೆ ಇಡಿ. ಸಂತೆಯಲ್ಲಿ, ಪಕ್ಕದ ಊರಿನ ಕೋಳಿ ಮನೆಯಲ್ಲಿ ತುಳಿದ ಚಪ್ಪಲಿ ನಿಮ್ಮ ಗೂಡಿಗೆ ಬರಬಾರದು.

ದೊಡ್ಡ ಸ್ವಚ್ಛತೆ ಅಂತ ಒಂದಿದೆ, ಅದು ವರ್ಷಕ್ಕೆ ಎರಡು ಸಲ. ನಾನು ಮಾಡುವುದು ಮುಂಗಾರಿಗೆ ಮುಂಚೆ ಒಂದು ಸಲ, ದೀಪಾವಳಿ ಕಳೆದು ಬಿಸಿಲು ಬಿದ್ದ ಮೇಲೆ ಇನ್ನೊಂದು ಸಲ. ನೀರು ಮುಟ್ಟುವುದು ಆವಾಗ ಮಾತ್ರ. ಬೆಳಗಿನ ಬಿಸಿಲು ಚೆನ್ನಾಗಿರುವ ದಿನ ಆರಿಸಿಕೊಳ್ಳಿ. ಹೊಟ್ಟನ್ನೆಲ್ಲ ಎತ್ತಿ ಹೊರಗೆ ಹಾಕಿ. ಒಣಗಿದ್ದನ್ನು ಕೆರೆಯಿರಿ. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ, ಆ ಧೂಳು ನಮಗೂ ಒಳ್ಳೆಯದಲ್ಲ. ಆಮೇಲೆ ಸೋಪಿನ ನೀರಲ್ಲಿ ಉಜ್ಜಿ ತೊಳೆದು ಒಣಗಲು ಬಿಡಿ. ಪೂರ್ತಿ ಒಣಗಿದ ಮೇಲೆ ಬ್ಲೀಚಿಂಗ್ ಪೌಡರ್ ನೀರು ಬಳಿಯಬಹುದು. ಈ ಕ್ರಮ ತಪ್ಪಿಸಬೇಡಿ. ಹಿಕ್ಕೆ ಅಂಟಿದ ನೆಲಕ್ಕೆ ಯಾವ ಔಷಧಿ ಸುರಿದರೂ ಕೊಳೆಯೇ ಅದನ್ನು ನುಂಗಿಬಿಡುತ್ತದೆ. ಅದೂ ಅಲ್ಲದೆ ಒದ್ದೆ ಹಿಕ್ಕೆಯ ಅಮೋನಿಯಾಕ್ಕೆ ಬ್ಲೀಚಿಂಗ್ ಸೇರಿದರೆ ಏಳುವ ಹೊಗೆ ಶ್ವಾಸಕೋಶಕ್ಕೆ ಅಪಾಯ. ಬ್ಲೀಚಿಂಗ್ ಜೊತೆ ಆಸಿಡ್ಡು, ಫಿನಾಯಿಲ್ಲು ಏನನ್ನೂ ಬೆರೆಸಬೇಡಿ. ಕೊನೆಗೆ ಗೋಡೆಗೆ ಸುಣ್ಣ ಬಳಿದು, ಎರಡು ದಿನ ಬಾಗಿಲು ತೆರೆದಿಟ್ಟು, ನೆಲ ಬೆಚ್ಚಗೆ ಒಣಗಿದ ಮೇಲೆ ಹೊಸ ಹೊಟ್ಟು ಹಾಸಿ. ಆ ಎರಡು ರಾತ್ರಿ ಕೋಳಿಗಳನ್ನು ಮಂಕರಿ ಕೆಳಗೆ ಕವುಚಿ ಹಾಕಿದರಾಯಿತು.

ಅವತ್ತೇ ಕೂರುಗೋಲುಗಳನ್ನು ಕಳಚಿ ಹೊರಗೆ ತನ್ನಿ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಕೋಳಿಯ ಮೈಮೇಲೆ ಇರುವ ಹೇನು ಬೇರೆ. ಬಾಲದ ಕೆಳಗೆ ಗರಿ ಬಿಡಿಸಿ ನೋಡಿದರೆ ಹರಿದಾಡುವುದು ಕಾಣುತ್ತದೆ, ಗರಿಯ ಬುಡದಲ್ಲಿ ಬಿಳೀ ಗಂಟು ಗಂಟಾಗಿ ಅದರ ಮೊಟ್ಟೆ ಇರುತ್ತದೆ. ಆದರೆ ಇನ್ನೊಂದು ನುಸಿ ಇದೆ, ಅದು ಹಗಲು ಕೋಳಿಯ ಮೈಮೇಲೆ ಸಿಗುವುದೇ ಇಲ್ಲ. ಕೋಲಿನ ಸೀಳಿನಲ್ಲಿ, ಮೊಳೆ ಸಂದಿಯಲ್ಲಿ, ಹಲಗೆ ಕೂಡುವ ಜಾಗದಲ್ಲಿ ಅಡಗಿರುತ್ತದೆ. ರಾತ್ರಿ ಬಂದು ರಕ್ತ ಕುಡಿದು ವಾಪಸ್ ಹೋಗುತ್ತದೆ. ಹಗಲು ಕೋಳಿ ಹಿಡಿದು ನೋಡಿದವರಿಗೆ ಏನೂ ಕಾಣುವುದಿಲ್ಲ, ಕೋಳಿ ಮಾತ್ರ ಜುಟ್ಟು ಬಿಳಿಚಿ ಸೊರಗುತ್ತಾ ಹೋಗುತ್ತದೆ.

ನಮ್ಮ ಓಣಿಯಲ್ಲಿ ಒಬ್ಬ ಅಜ್ಜಿಯ ಕೋಳಿಗಳು ಸಂಜೆ ಗೂಡಿಗೆ ಹೋಗಲು ಒಲ್ಲೆ ಅಂತ ನುಗ್ಗೆಮರ ಹತ್ತಿ ಕೂರುತ್ತಿದ್ದವು. ಯಾರದೋ ಕಣ್ಣು ಬಿದ್ದಿದೆ ಅಂತ ಅವರು ಗೂಡಿಗೆ ಬೂದುಗುಂಬಳ ಕಟ್ಟಿದ್ದರು. ನಾನು ರಾತ್ರಿ ಎಂಟು ಗಂಟೆಗೆ ಟಾರ್ಚ್ ಹಿಡಿದು ಹೋಗಿ, ಕೋಲಿನ ಕೆಳಬದಿಗೆ ಒಂದು ಬಿಳಿ ಹಾಳೆ ಉಜ್ಜಿದೆ. ಹಾಳೆಯ ಮೇಲೆ ಕೆಂಪು ಗೀರು. ಅಜ್ಜಿ ಅದನ್ನು ನೋಡಿ "ಅಯ್ಯೋ ನನ್ನವ್ವ, ಇಷ್ಟು ದಿನ ಇದರೊಳಗೇ ದಬ್ಬಿ ಬಾಗಿಲು ಹಾಕುತ್ತಿದ್ದೆನಲ್ಲಾ" ಅಂತ ಕಣ್ಣೀರು ಹಾಕಿದರು. ಆ ಹಾಳೆಯ ಪರೀಕ್ಷೆ ನೀವು ತಿಂಗಳಿಗೊಮ್ಮೆ ಮಾಡಿ. ಕೆಂಪು ಕಂಡರೆ ಕೋಲುಗಳ ಮೇಲೆ ಕುದಿಯುವ ನೀರು ಸುರಿದು ಬಿಸಿಲಿಗೆ ಹಾಕಿ. ಗೋಡೆಯ ಸಂದಿಗೊಂದಿಗೆ ಸುಣ್ಣ ತುಂಬಿ. ವಾರ ಬಿಟ್ಟು ಮತ್ತೆ ಮಾಡಿ, ಅದರ ಮೇಲಿನ ವಾರವೂ ಮಾಡಿ. ಯಾಕೆಂದರೆ ಸಂದಿಯಲ್ಲಿ ಉಳಿದ ಮೊಟ್ಟೆ ಅಷ್ಟರಲ್ಲಿ ಒಡೆದಿರುತ್ತದೆ. ಕೋಲು ಎರಡು ಇಂಚು ದಪ್ಪ, ತೊಗಟೆ ತೆಗೆದು ನಯ ಮಾಡಿದ್ದಾಗಿರಲಿ. ಸಂದಿ ಕಡಿಮೆ ಇದ್ದಷ್ಟೂ ನುಸಿ ಕಡಿಮೆ. ಒಂದು ಕೋಳಿಗೆ ಒಂದು ಗೇಣು ಜಾಗ ಬೇಕು.

ಮೈಮೇಲಿನ ಹೇನಿಗೆ ಮದ್ದು ಕೋಳಿಗೇ ಗೊತ್ತು. ಮಣ್ಣಲ್ಲಿ ಗುಂಡಿ ತೋಡಿಕೊಂಡು ಹೊರಳಾಡುತ್ತದೆ. ಮಳೆಗಾಲದಲ್ಲಿ ಒಣಮಣ್ಣು ಸಿಗುವುದಿಲ್ಲ. ಮಾಡಿನ ಕೆಳಗೆ ಒಂದು ಹಳೇ ಟೈರಿನೊಳಗೆ ಜರಡಿ ಹಿಡಿದ ಮಣ್ಣು, ಸೌದೆ ಒಲೆಯ ಬೂದಿ, ಒಣಗಿದ ಬೇವಿನೆಲೆ ಪುಡಿ ಬೆರೆಸಿ ತುಂಬಿಡಿ. ಮಧ್ಯಾಹ್ನ ಅವು ಸರದಿ ನಿಂತು ಹೊರಳುವುದನ್ನು ನೋಡುವುದೇ ನನಗೆ ಒಂದು ಸಂತೋಷ.

ಮರಿ ತರುವವರಿಗೆ ಎರಡು ಮಾತು. ತಾಯಿ ಇದ್ದರೆ ನಿಮಗೆ ಕೆಲಸವೇ ಇಲ್ಲ. ತಾಯಿ ಇಲ್ಲದ ಮರಿಗೆ ಮೊದಲ ವಾರ 35 ಡಿಗ್ರಿ ಶಾಖ ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಹೋಗಿ. ಥರ್ಮಾಮೀಟರ್ ಇಲ್ಲದಿದ್ದರೆ ಮರಿಗಳನ್ನೇ ನೋಡಿ. ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದು ಚೀಂವ್ ಚೀಂವ್ ಅಂದರೆ ಚಳಿ. ದೂರ ಓಡಿ ಬಾಯಿ ತೆರೆದರೆ ಸೆಕೆ. ಹರಡಿಕೊಂಡು ಆಡುತ್ತಿದ್ದರೆ ಸರಿಯಾಗಿದೆ. ನೀರಿನ ತಟ್ಟೆಯಲ್ಲಿ ಬೆಣಚುಕಲ್ಲು ಹಾಕಿ, ಇಲ್ಲದಿದ್ದರೆ ಬಿದ್ದು ಮುಳುಗುತ್ತವೆ. ಸಂತೆಯಿಂದ ತಂದ ಕೋಳಿಯನ್ನು ಮೂರು ವಾರ ಬೇರೆ ಕಟ್ಟಿ. ಎಷ್ಟು ಚೆಂದ ಇದ್ದರೂ ಅವತ್ತೇ ಗೂಡಿಗೆ ಬಿಡಬೇಡಿ.

ಲಸಿಕೆ ವಿಷಯದಲ್ಲಿ ಸಂಘದವರಾಗಿ ನೀವು ಸೇರಿ ಮಾಡಬೇಕಾದ ಕೆಲಸ ಇದೆ. ಕೊಕ್ಕರೆ ರೋಗ, ಅಂದರೆ ರಾಣಿಖೇತ್, ಬಂದರೆ ಊರಿನ ಕೋಳಿಯೆಲ್ಲ ವಾರದಲ್ಲಿ ಖಾಲಿ. ಹಸಿರು ಭೇದಿ, ಬಾಯಿ ತೆರೆದು ಉಸಿರು, ಕೊನೆಗೆ ಕತ್ತು ತಿರುಚುತ್ತದೆ. ಅದಕ್ಕೆ ಮದ್ದಿಲ್ಲ, ಲಸಿಕೆ ಒಂದೇ. ಮರಿ ಹುಟ್ಟಿದ ಐದರಿಂದ ಏಳನೇ ದಿನದೊಳಗೆ ಕಣ್ಣಿಗೆ ಒಂದು ಹನಿ, ನಾಲ್ಕನೇ ವಾರ ಮತ್ತೊಮ್ಮೆ, ಎಂಟನೇ ವಾರ ಚುಚ್ಚುಮದ್ದು. ಕಷ್ಟ ಏನೆಂದರೆ ಲಸಿಕೆಯ ಬಾಟಲಿ ಸಾಮಾನ್ಯವಾಗಿ ನೂರು ಇನ್ನೂರು ಕೋಳಿಗೆ ಆಗುವಷ್ಟು ಇರುತ್ತದೆ. ಒಮ್ಮೆ ಕಲಸಿದರೆ ಎರಡು ಗಂಟೆಯೊಳಗೆ ಮುಗಿಸಬೇಕು. ಆರು ಕೋಳಿ ಇರುವವರು ಒಬ್ಬರೇ ತಂದು ಏನು ಮಾಡುತ್ತಾರೆ? ಅದಕ್ಕೇ ಇಪ್ಪತ್ತು ಮನೆಯವರು ಒಂದೇ ವಾರ ಮರಿ ತನ್ನಿ. ಒಂದೇ ಸಂಜೆ ಎಲ್ಲರೂ ಬುಟ್ಟಿ ತಂದು ಒಂದು ಜಗಲಿಯಲ್ಲಿ ಸೇರಿ. ಐಸ್ ಹಾಕಿದ ಫ್ಲಾಸ್ಕಿನಲ್ಲಿ ಲಸಿಕೆ ತರಿಸಿ. ನಮ್ಮೂರಲ್ಲಿ ಹೀಗೇ ಮಾಡುತ್ತಿದ್ದೇವೆ. ಲಸಿಕೆ ಹಾಕಿಸದ ಒಂದು ಮನೆ ಉಳಿದರೂ ಆತಂಕವೇ, ಕೋಳಿಗೆ ಬೇಲಿ ಗೊತ್ತಿಲ್ಲವಲ್ಲ.

ಒಟ್ಟಿಗೆ ಹಲವು ಕೋಳಿ ಸತ್ತರೆ ಮುಚ್ಚಿಡಬೇಡಿ, ಬರಿಗೈಯಲ್ಲಿ ಮುಟ್ಟಬೇಡಿ, ಕೆರೆಗೆ ಎಸೆಯಬೇಡಿ. 2025ರ ಮೊದಲ ತಿಂಗಳುಗಳಲ್ಲಿ ನಮ್ಮ ರಾಜ್ಯದಲ್ಲೇ, ಚಿಕ್ಕಬಳ್ಳಾಪುರ, ಬಳ್ಳಾರಿ ಜಿಲ್ಲೆಗಳಲ್ಲಿ ಹಕ್ಕಿಜ್ವರ ಕಂಡಿತ್ತು. ಪಶು ಆಸ್ಪತ್ರೆಗೆ ತಿಳಿಸಿ, ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಒಂಟಿ ಕೋಳಿ ಸತ್ತರೂ ಮೂರಡಿ ಆಳ ತೆಗೆದು, ಮೇಲೆ ಸುಣ್ಣ ಹಾಕಿ ಹೂಳಿ.

ಬೇಸಿಗೆಯಲ್ಲಿ ಏನು ಅಂತ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ಕೋಳಿಗೆ ಬೆವರು ಇಲ್ಲ. ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಣಿಸಿಕೊಳ್ಳಬೇಕು. ಗೂಡು ಶೀಟಿನದಾದರೆ ಮೇಲೆ ತೆಂಗಿನ ಗರಿ ಹೊದಿಸಿ, ಗರಿಗೆ ನೀರು ಚಿಮುಕಿಸಿ. ಹೊಟ್ಟಿಗಲ್ಲ. ಹೊಸ ಮಣ್ಣಿನ ಕುಡಿಕೆಯಲ್ಲಿ ನೀರಿಡಿ. ಮೇವನ್ನು ಬೆಳಿಗ್ಗೆ ಸಂಜೆ ತಂಪು ಹೊತ್ತಿನಲ್ಲಿ ಹಾಕಿ.

ತೆಗೆದ ಹೊಟ್ಟನ್ನು ಏನು ಮಾಡುವುದು ಅಂತಲೂ ಕೇಳಿದರು. ಅದು ನಿಮ್ಮ ತೆಂಗಿನ ಮರಕ್ಕೆ ಬಂಗಾರ. ಆದರೆ ಹಸಿಯಾಗಿ ಗಿಡದ ಬುಡಕ್ಕೆ ಹಾಕಿದರೆ ಬೇರು ಸುಡುತ್ತದೆ. ತರಗೆಲೆ, ಸಗಣಿ ಜೊತೆ ತಿಪ್ಪೆಯಲ್ಲಿ ಹಾಕಿ, ಎರಡು ಮೂರು ತಿಂಗಳು ಕೊಳೆಸಿ. ಮುಟ್ಟಿದರೆ ತಣ್ಣಗಿದ್ದು, ಮಣ್ಣಿನ ವಾಸನೆ ಬಂದ ಮೇಲೆ ಬಳಸಿ.

ಸಂಜೆ ಎಣಿಸಿ ಬಾಗಿಲು ಹಾಕಿ. ಮುಂಗುಸಿ, ಕಾಡುಬೆಕ್ಕು ಬೆರಳು ತೂರುವಷ್ಟು ಜಾಗ ಸಿಕ್ಕರೂ ಜಾಲರಿ ಕಿತ್ತು ನುಗ್ಗುತ್ತವೆ. ಅರ್ಧ ಇಂಚಿನ ಗಟ್ಟಿ ಜಾಲರಿ ಹಾಕಿಸಿ, ಅದನ್ನು ಒಂದಡಿ ನೆಲದೊಳಗೂ ಇಳಿಸಿ. ಅಗುಳಿ ಜೊತೆಗೆ ಒಂದು ಕೊಂಡಿಯೂ ಇರಲಿ.

ಇಷ್ಟು ಹೊತ್ತು ಬಾಯಲ್ಲಿ ಹೇಳಿದ್ದೇ ಆಯಿತು. ಹಿಂದಿನ ಮನೆಯ ಅಕ್ಕ ತಮ್ಮ ಗೂಡನ್ನು ನೋಡಲು ಒಪ್ಪಿದ್ದಾರೆ. ಎರಡು ವರ್ಷದಿಂದ ಹೊಟ್ಟು ಹಾಸಿ ಸಾಕುತ್ತಿದ್ದಾರೆ. ಎಲ್ಲರೂ ಚಪ್ಪಲಿ ಇಲ್ಲೇ ಬಿಟ್ಟು, ಅವರು ಬಾಗಿಲಲ್ಲಿ ಇಟ್ಟಿರುವುದನ್ನು ಹಾಕಿಕೊಂಡು, ನಾಲ್ಕು ನಾಲ್ಕು ಜನ ಒಳಗೆ ಬನ್ನಿ. ಮೊದಲು ಮಂಡಿಯೂರಿ ಮೂಸಿ ನೋಡಿ. ಆಮೇಲೆ ನೀರಿನ ಪಾತ್ರೆ ಪಕ್ಕದಿಂದ ಒಂದು ಮುಷ್ಟಿ, ದೂರದ ಮೂಲೆಯಿಂದ ಒಂದು ಮುಷ್ಟಿ ಹೊಟ್ಟು ತೆಗೆದು ಅದುಮಿ ನೋಡಿ. ಎರಡೂ ಒಂದೇ ಥರ ಇರುವುದಿಲ್ಲ. ಯಾಕೆ ಅಂತ ನೀವೇ ನನಗೆ ಹೇಳಿ.